ಕ್ಯಾಮೆರಾ ಯಾವ ಕಡೆ ಇತ್ತು

ಆ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಕೋಚ್ ಡೆಲ್ಬರ್ಟ್ ಫೋನ್ ಮಾಡಿದರು. ನಾವಿಬ್ಬರೂ ನಿವೃತ್ತರಾದ ಮೇಲೆ ಪ್ರತಿ ಗುರುವಾರವೂ ಹತ್ತಕ್ಕೇ ಮಾಡುತ್ತಿದ್ದರು. ನಾನು ಆಸ್ಟಿನ್‌ನ ದ ಡೊಮೇನ್ ಎಂಬ ಅಂಗಡಿ ಸಂಕೀರ್ಣದಲ್ಲಿ ನೆರಳು ಹುಡುಕಿ ಕಾರು ನಿಲ್ಲಿಸಿಕೊಂಡು ಕೂತಿದ್ದೆ. ನನ್ನ ಹೆಂಡತಿ ಲಲಿತಾ ಹಿಂದಿನ ವಾರ ಕೊಂಡಿದ್ದ ಚಪ್ಪಲಿ ಬಿಗಿಯಾಯಿತೆಂದು ಬದಲಾಯಿಸಲು ಅಂಗಡಿಯೊಳಗೆ ಹೋಗಿದ್ದಳು.

"ಕೋಚ್, ಈ ವರ್ಷವೂ ಅಳಿಲುಗಳೇ ಗೆದ್ದವು," ಎಂದರು. ಹ್ಯೂಸ್ಟನ್‌ನ ಅವರ ಮನೆಯ ಹಿತ್ತಲಲ್ಲಿ ಅಕ್ರೋಟಿನಂಥ ಕಾಯಿ ಬಿಡುವ ಒಂದು ಪೀಕನ್ ಮರವಿದೆ. ಕಾಯಿ ಬಲಿಯುವ ಮೊದಲೇ ಅಳಿಲುಗಳು ಖಾಲಿ ಮಾಡುತ್ತವೆ.

"ಬಲೆ ಹಾಕಿಸಿದ್ರಲ್ಲ ಕೋಚ್?"

"ಹಾಕಿಸಿದೆ. ಈಗ ಬಲೆ ಮೇಲೆ ಕೂತ್ಕೊಂಡು ತಿಂತಾವೆ. ಮೊದಲು ಅವಕ್ಕೆ ಕೂರೋಕೆ ಜಾಗ ಇರ್ಲಿಲ್ಲ, ಅದೂ ಮಾಡಿಕೊಟ್ಟಂಗಾಯ್ತು." ಸ್ವಲ್ಪ ಕೆಮ್ಮಿ, "ಶನಿವಾರ ಬಾ," ಎಂದರು.

"ಈ ಶನಿವಾರ ಆಗಲ್ಲ ಕೋಚ್. ಇರ್ವಿಂಗ್‌ನಲ್ಲಿ ಒಂದು ನಾಮಕರಣ ಇದೆ, ಲಲಿತಾ ಬರ್ತೀವಿ ಅಂತ ಹೇಳಿಬಿಟ್ಟಿದಾಳೆ. ಮುಂದಿನ ಶನಿವಾರ ಬರ್ತೀನಿ. ನಿಮಗೊಂದು ವಿಷಯ ಹೇಳೋದಿದೆ."

"ಹೇಳು."

"ಫೋನಲ್ಲಿ ಬೇಡ."

"ಸರಿ ಕೋಚ್," ಎಂದರು. ನಾನೂ "ಸರಿ ಕೋಚ್," ಎಂದೆ. ನಾವು ಒಬ್ಬರನ್ನೊಬ್ಬರು ಕೋಚ್ ಎಂದೇ ಕರೆಯುತ್ತಿದ್ದೆವು. ಟೆಕ್ಸಸ್‌ನಲ್ಲಿ ಶಾಲೆಯ ಫುಟ್‌ಬಾಲ್ ತಂಡಗಳನ್ನು ನಡೆಸುವವರೆಲ್ಲ ಹಾಗೆಯೇ. ಅವರ ಜೊತೆ ಇಪ್ಪತ್ತೊಂದು ವರ್ಷ ಕೆಲಸ ಮಾಡಿದ ನನ್ನನ್ನು ಅವರು ಮೂರ್ತಿ ಎಂದು ಹೆಸರು ಹಿಡಿದು ಕರೆದದ್ದು ತುಂಬ ಅವಸರವಿದ್ದಾಗ ಮಾತ್ರ.

ಅಂದು ಆದದ್ದು ಅಷ್ಟೇ. ಲಲಿತಾ ಚಪ್ಪಲಿ ಬದಲಾಯಿಸಿಕೊಂಡು ಬಂದಳು, ಮನೆಗೆ ಹೋಗಿ ಸೊಪ್ಪಿನ ಸಾರು ಊಟ ಮಾಡಿದೆವು.

ನಾನು ಅವರಿಗೆ ಹೇಳಬೇಕಾಗಿದ್ದ ವಿಷಯವನ್ನು ಇಲ್ಲಿ ಮೊದಲೇ ಬರೆದುಬಿಡುತ್ತೇನೆ. ಅವರ ಕೊನೆಯ ಕೆಲಸ ಹೋದದ್ದು ಒಂದು ಮ್ಯಾಚ್ ಸೋತಿದ್ದಕ್ಕೆ. ಆ ಮ್ಯಾಚ್ ಸೋತದ್ದು ನನ್ನ ತಪ್ಪಿನಿಂದ. ಅವರು ಅದನ್ನು ತಮ್ಮ ತಪ್ಪೆಂದು ಎಲ್ಲರೆದುರು ಹೇಳಿ ಹೊತ್ತುಕೊಂಡರು. ಆಮೇಲೆ ಒಂದು ದಿನ ಅವರೇ ಬಂದು ಕೇಳಿದಾಗ ನಾನು ಸುಳ್ಳು ಹೇಳಿದೆ.

ಶನಿವಾರ ಇರ್ವಿಂಗ್‌ನಲ್ಲಿ ತೊಟ್ಟಿಲ ಶಾಸ್ತ್ರ ಮುಗಿದು ಊಟಕ್ಕೆ ಕೂತಾಗ ಪಕ್ಕದಲ್ಲಿ ಶಾಹಿನ್ ಎಂಬ ಹುಡುಗಿ ಇದ್ದಳು. ದಾವಣಗೆರೆಯವಳು, ಇಲ್ಲಿ ಓದು ಮುಗಿಸಿದ್ದಾಳೆ, ಮಗುವಿನ ಚಿಕ್ಕಮ್ಮನ ಸ್ನೇಹಿತೆ. ಪ್ಲೇನೋ ಕಡೆಯ ಒಂದು ಹೈಸ್ಕೂಲಿನ ಫುಟ್‌ಬಾಲ್ ತಂಡದಲ್ಲಿ ವಿಡಿಯೋ ನೋಡಿ ಲೆಕ್ಕ ತೆಗೆಯುವ ಕೆಲಸ ಸಿಕ್ಕಿದೆಯೆಂದಳು.

"ಅಂಕಲ್, ನೀವು ಇದೇ ಕೆಲ್ಸ ಮಾಡ್ತಿದ್ರಂತೆ? ಇಂಡಿಯನ್ಸ್ ಯಾರೂ ಇದ್ರಲ್ಲಿ ಇರಲ್ಲ ಅನ್ಕೊಂಡಿದ್ದೆ. ನಿಜವಾಗ್ಲೂ ಹೆಂಗಿರುತ್ತೆ ಹೇಳಿ. ಇಂಟರ್‌ವ್ಯೂದಲ್ಲಿ ಎಲ್ರೂ ಫ್ಯಾಮಿಲಿ ಥರ ಅಂದ್ರು, ಅದಕ್ಕೇ ಭಯ ಆಗ್ತಿದೆ."

ನಾನು ನಕ್ಕು ಏನೋ ಹೇಳಲು ಹೊರಟೆ. ಆಗ ಫೋನ್ ಬಂತು. ಕೋಚ್ ಅವರ ಹೆಂಡತಿ ರುತ್. ಶುಕ್ರವಾರ ಮಧ್ಯಾಹ್ನ ಹಿತ್ತಲ ಕುರ್ಚಿಯಲ್ಲಿ ಕೂತವರು ಏಳಲಿಲ್ಲವೆಂದರು.

ನನ್ನ ಮುಖ ನೋಡಿ ಎದುರಿಗಿದ್ದ ಹಿರಿಯರೊಬ್ಬರು ಕೇಳಿದರು, "ಯಾರು ಮೂರ್ತಿಗಳೇ? ಊರಿಂದ ಫೋನಾ?"

"ಅಲ್ಲ, ನಮ್ಮ ಕೋಚ್. ಹೋಗಿಬಿಟ್ರಂತೆ."

"ಓ, ನಿಮ್ಮ ಹಳೇ ಬಾಸು. ಪಾಪ. ವಯಸ್ಸಾಗಿತ್ತಾ?"

"ಎಪ್ಪತ್ತೆಂಟು."

"ಹಾಗಾದ್ರೆ ಒಳ್ಳೇ ಸಾವು ಬಿಡಿ. ಊಟ ಬಿಟ್ಟು ಏಳ್ಬೇಡಿ, ಹೋಳಿಗೆ ಬರ್ತಾ ಇದೆ."

ಅವರು ತಪ್ಪೇನೂ ಆಡಲಿಲ್ಲ. ಕೋಚ್ ನನಗೆ ಏನಾಗಬೇಕು? ಸೂತಕವಿಲ್ಲ, ಹತ್ತನೇ ದಿನವಿಲ್ಲ, ಹೇಳಿಕೊಳ್ಳಲು ಒಂದು ಸಂಬಂಧದ ಹೆಸರಿಲ್ಲ. ಹೋಳಿಗೆ ತಿಂದೆ. ಶಾಹಿನ್‌ಳ ಪ್ರಶ್ನೆಗೆ ಅಂದು ಉತ್ತರ ಹೇಳಲಿಲ್ಲ. ಅವಳಿಗೂ ಅವಳ ಹಾಗೆ ಈ ಕೆಲಸಕ್ಕೆ ಬರುವವರಿಗೂ ಈಗ ಬರೆಯುತ್ತಿದ್ದೇನೆ.

ನಾನು ನಂಜನಗೂಡಿನ ಕಡೆಯವನು. ಬಿ.ಎಸ್ಸಿ., ಬಿ.ಎಡ್. ಮಾಡಿ ಗಣಿತ ಕಲಿಸುತ್ತಿದ್ದೆ. ಲಲಿತಾ ಧಾರವಾಡದವಳು, ನರ್ಸ್. ಡಲ್ಲಾಸ್‌ನಲ್ಲಿ ಕೆಲಸ ಸಿಕ್ಕಿದ್ದು ಅವಳಿಗೆ. ನಾನು ಅವಳ ಹಿಂದೆ ಬಂದವನು. ಇಲ್ಲಿ ಗಣಿತದ ಮೇಷ್ಟ್ರುಗಳಿಗೆ ಆಗಲೂ ಬರ, ಈಗಲೂ ಬರ. ಪರೀಕ್ಷೆ ಕಟ್ಟಿ ಪಾಸಾಗಿ ಡಲ್ಲಾಸ್ ಹೊರವಲಯದ ಒಂದು ಹೈಸ್ಕೂಲಿಗೆ ಸೇರಿದೆ. ಅಲ್ಲಿ ಫುಟ್‌ಬಾಲ್ ಕೋಚ್ ಎಂದರೆ ಹೆಡ್‌ಮಾಸ್ಟರಿಗಿಂತ ಒಂದು ಗೇಣು ಎತ್ತರ ಎಂದು ತಿಳಿಯಲು ನನಗೆ ಒಂದು ವಾರ ಸಾಕಾಯಿತು.

ಈ ಆಟ ನಾವು ಚಿಕ್ಕಂದಿನಲ್ಲಿ ಕಂಡ ಫುಟ್‌ಬಾಲ್ ಅಲ್ಲ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಸರದಿ. ಚೆಂಡು ಹಿಡಿದು ಮೈದಾನದ ತುದಿಯ ಗೆರೆ ದಾಟಿದರೆ ಆರು ಅಂಕ. ಒಂದೊಂದು ಸರದಿಯೂ ಆರೇಳು ಸೆಕೆಂಡಿನದು. ಆಮೇಲೆ ಎಲ್ಲರೂ ಎದ್ದು, ಧೂಳು ಕೊಡವಿ, ಮತ್ತೆ ಸಾಲು ಕಟ್ಟುತ್ತಾರೆ. ಒಂದು ತಂಡದ ಬೆಂಚು ಮೈದಾನದ ಈ ಬದಿ, ಇನ್ನೊಂದರದು ಆ ಬದಿ. ಮೊದಲ ವರ್ಷ ನನಗೆ ಗೇಟಿನಲ್ಲಿ ಟಿಕೆಟ್ ಹರಿಯುವ ಡ್ಯೂಟಿ ಕೊಟ್ಟಿದ್ದರು. ಆಟ ಅರ್ಥವಾಗದಿದ್ದರೂ ಬೇಸರ ಕಳೆಯಲು ಟಿಕೆಟ್ ಕಟ್ಟಿನ ಹಿಂದೆ ಗುರುತು ಹಾಕುತ್ತಿದ್ದೆ. ಎದುರಾಳಿಗಳು ಎಡಕ್ಕೆ ಎಷ್ಟು ಸಲ ಓಡಿದರು, ಬಲಕ್ಕೆ ಎಷ್ಟು ಸಲ ಎಂದು.

ಒಂದು ಸೋಮವಾರ ಸ್ಟಾಫ್ ರೂಮಿನಲ್ಲಿ ದಪ್ಪ ಮೀಸೆಯ, ಅಷ್ಟೇ ದಪ್ಪ ಕುತ್ತಿಗೆಯ ಒಬ್ಬರು ಬಂದು ನನ್ನೆದುರು ಆ ಟಿಕೆಟ್ ಕಟ್ಟನ್ನು ಇಟ್ಟರು.

"ಇದು ನಿಂದಾ?"

ಶಾಲೆಯ ವಸ್ತುವಿನ ಮೇಲೆ ಗೀಚಿದ್ದಕ್ಕೆ ಬೈಯಲು ಬಂದಿದ್ದಾರೆಂದುಕೊಂಡೆ. "ಹೌದು ಸರ್. ತಪ್ಪಾಯ್ತು."

"ಸರ್ ಅಲ್ಲ, ಕೋಚ್. ನನ್ನ ಏಳು ಜನ ಅಸಿಸ್ಟೆಂಟ್‌ಗಳು ನೋಡದೇ ಇರೋದು ಇದ್ರಲ್ಲಿದೆ. ನಾಳೆ ಮೂರುವರೆಗೆ ಫೀಲ್ಡ್ ಹೌಸ್‌ಗೆ ಬಾ."

"ನನಗೆ ಈ ಆಟ ಗೊತ್ತಿಲ್ಲ ಕೋಚ್."

"ಅದೇ ಒಳ್ಳೇದು. ಗೊತ್ತಿರೋರು ನೋಡಲ್ಲ, ಊಹೆ ಮಾಡ್ತಾರೆ."

ಹೀಗೆ ನಾನು ಡೆಲ್ಬರ್ಟ್ ಅವರ ಎಂಟನೆಯ ಅಸಿಸ್ಟೆಂಟ್ ಆದೆ. ಬೆಳಿಗ್ಗೆ ಬೀಜಗಣಿತ, ಸಂಜೆ ಮೈದಾನದ ಪಕ್ಕದ ತಂಡದ ಕಟ್ಟಡವಾದ ಫೀಲ್ಡ್ ಹೌಸಿನಲ್ಲಿ ಕೂತು ಫಿಲ್ಮ್, ಅಂದರೆ ಆಡಿದ ಮ್ಯಾಚ್‌ಗಳ ವಿಡಿಯೋ. ಕೋಚ್‌ಗಳಲ್ಲಿ ಇಬ್ಬರು ಮೂವರು ಮೈದಾನದಲ್ಲಿ ನಿಲ್ಲದೆ ಗ್ಯಾಲರಿಯ ಮೇಲಿನ ಪ್ರೆಸ್ ಬಾಕ್ಸ್‌ನಲ್ಲಿ ಕೂರುತ್ತಾರೆ. ಮೇಲಿನಿಂದ ಎಲ್ಲ ಕಾಣುತ್ತದೆ. ಅಲ್ಲಿಂದ ಹೆಡ್‌ಸೆಟ್‌ನಲ್ಲಿ ಕೆಳಗಿರುವವರಿಗೆ ಹೇಳಬೇಕು. ನನ್ನನ್ನು ಅಲ್ಲಿ ಕೂರಿಸಿದರು. ಮೊದಲ ಮ್ಯಾಚ್‌ನಲ್ಲಿ ನಮ್ಮ ಹುಡುಗ ಚೆಂಡು ಕೈಬಿಟ್ಟಾಗ ಹೆಡ್‌ಸೆಟ್ ಆನ್ ಇದ್ದದ್ದು ಮರೆತು "ಅಯ್ಯಯ್ಯೋ!" ಎಂದು ಕೂಗಿದೆ. ಎಂಟು ಜನರ ಕಿವಿಗೆ ಬಿತ್ತು. ಮುಂದಿನ ವಾರದಿಂದ ಆ ಟೆಕ್ಸಸ್‌ನ ಗಂಡಸರೆಲ್ಲ ಚೆಂಡು ಬಿದ್ದಾಗಲೆಲ್ಲ "ಅಯ್ಯಯ್ಯೋ" ಎನ್ನತೊಡಗಿದರು. ಆ ಊರಿನ ಶಾಲೆಯಲ್ಲಿ ನಾನು ಕಲಿಸಿದ ಕನ್ನಡ ಅಷ್ಟೇ.

ಈಗಿನವರಿಗೆ ತಿಳಿಯದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಆಗ ಫಿಲ್ಮ್ ಎಂದರೆ ವಿಡಿಯೋ ಕ್ಯಾಸೆಟ್. ಮುಂದಿನ ವಾರ ಯಾರ ಜೊತೆ ಆಡುತ್ತೇವೋ ಅವರ ಹಳೆಯ ಮ್ಯಾಚ್ ನಮಗೆ ಬೇಕು, ನಮ್ಮದು ಅವರಿಗೆ ಬೇಕು. ಶನಿವಾರ ಬೆಳಿಗ್ಗೆ ಎರಡು ಊರಿನ ನಡುವೆ ಹೈವೇ ಪಕ್ಕದ ಒಂದು ಗ್ಯಾಸ್ ಸ್ಟೇಷನ್, ಅಂದರೆ ನಮ್ಮ ಪೆಟ್ರೋಲ್ ಬಂಕು, ಗೊತ್ತು ಮಾಡಿಕೊಂಡು, ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು ಬಂದು ಕ್ಯಾಸೆಟ್ ಬದಲಾಯಿಸಿಕೊಳ್ಳುತ್ತಿದ್ದರು. ನಮ್ಮ ಕಡೆಯಿಂದ ನಾನು. ಲಲಿತಾ ಡ್ಯೂಟಿ ಇಲ್ಲದಿದ್ದರೆ ಜೊತೆಗೆ ಬರುತ್ತಿದ್ದಳು, ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಅವಲಕ್ಕಿ.

"ಊರಾಗ ಹೆಣ್ಣು ನೋಡಾಕ ಹೋದಂಗ ಹೊಂಟೀವಿ ನೋಡ್ರಿ ವಾರಾ ವಾರಾ," ಎಂದು ನಗುತ್ತಿದ್ದಳು. "ಅವರ ಮನಿದು ನಾವು ನೋಡೂದು, ನಮ್ಮ ಮನಿದು ಅವರು ನೋಡೂದು."

ಕ್ಯಾಸೆಟ್ ಕೈ ಬದಲಾದ ಮೇಲೆ ಇಬ್ಬರೂ ಎರಡು ನಿಮಿಷ ಮಾತಾಡುತ್ತಿದ್ದೆವು. ಅದೂ ಪದ್ಧತಿಯೇ. ಬಿಸಿಲು, ಮಕ್ಕಳು, ಮೊಣಕಾಲು ನೋವು. ಕೊನೆಗೆ ಕ್ಯಾಸೆಟ್‌ನ ಬಗ್ಗೆ ಹೇಳಬೇಕಾದ್ದು: "ಎರಡನೇ ಭಾಗದಲ್ಲಿ ದೀಪ ಮಂಕಾಗಿದೆ," "ಮೊದಲ ಐದು ನಿಮಿಷ ರೆಕಾರ್ಡ್ ಆಗಿಲ್ಲ," "ನಮ್ಮ ಪ್ರೆಸ್ ಬಾಕ್ಸ್‌ಗೆ ಬಣ್ಣ ಹೊಡೀತಿದ್ರು, ಈ ಸಲ ಕ್ಯಾಮೆರಾ ಎದುರು ಕಡೆ ಇಟ್ಟಿದ್ವಿ." ಗೆಲ್ಲುವ ಹಟ ಇಬ್ಬರಿಗೂ ಇತ್ತು. ಆದರೂ ಇದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ.

ಐದನೇ ವರ್ಷ ಕೋಚ್ ಹ್ಯೂಸ್ಟನ್ ಕಡೆಯ ದೊಡ್ಡ ಶಾಲೆಗೆ ಹೋದರು. ಈ ಕೆಲಸಕ್ಕೆ ಬರುವವರು ಇದನ್ನು ತಿಳಿದಿರಬೇಕು. ಹೆಡ್ ಕೋಚ್ ಊರು ಬಿಟ್ಟರೆ ಅವರ ಹಿಂದೆ ಎಂಟು ಮನೆ ಖಾಲಿಯಾಗುತ್ತವೆ. ಯಾರೂ ಬಲವಂತ ಮಾಡುವುದಿಲ್ಲ. ಫೋನ್ ಬರುತ್ತದೆ, ಹೋಗುತ್ತೇವೆ. ಲಲಿತಾ ಡಲ್ಲಾಸ್‌ನ ಒಳ್ಳೆಯ ಕೆಲಸ ಬಿಟ್ಟಳು. ನಮ್ಮ ಮಗಳು ವಿದ್ಯಾ ಶಾಲೆ ಬಿಟ್ಟು, ಗೆಳತಿಯರನ್ನು ಬಿಟ್ಟು, ಕಾರಿನ ಹಿಂದಿನ ಸೀಟಿನಲ್ಲಿ ನಾಲ್ಕು ಗಂಟೆ ಒಂದೂ ಮಾತಾಡದೆ ಕೂತಿದ್ದಳು. ನನಗೆ ಅದು ಆಗ ಅಷ್ಟು ದೊಡ್ಡದಾಗಿ ಕಾಣಲಿಲ್ಲ.

ಹ್ಯೂಸ್ಟನ್‌ನಲ್ಲಿ ಒಂದು ಎಡವಟ್ಟು ಮಾಡಿದೆ. ಶನಿವಾರ ಅವಸರದಲ್ಲಿ ಮನೆಯ ಕಪಾಟಿನಿಂದ ಕ್ಯಾಸೆಟ್ ತೆಗೆದುಕೊಂಡು ಹೋಗಿ ಕೊಟ್ಟು ಬಂದೆ. ಸಂಜೆ ಎದುರಾಳಿ ಕೋಚ್ ನಮ್ಮ ಕೋಚ್‌ಗೆ ಫೋನ್ ಮಾಡಿದರಂತೆ. "ಡೆಲ್ಬರ್ಟ್, ನಿಮ್ಮ ತಂಡ ಈ ವರ್ಷ ತುಂಬಾ ಬದಲಾಗಿದೆ. ಎಲ್ರೂ ರೇಷ್ಮೆ ಉಟ್ಕೊಂಡಿದಾರೆ." ನಾನು ಕೊಟ್ಟದ್ದು ವಿದ್ಯಾಳ ಭರತನಾಟ್ಯದ ಕ್ಯಾಸೆಟ್.

ಭಾನುವಾರ ಬೆಳಿಗ್ಗೆ ನಾನು ಕೋಚ್ ಮನೆಗೇ ಹೋಗಿ ನಿಂತೆ. "ನನ್ನಿಂದ ತಪ್ಪಾಯ್ತು ಕೋಚ್. ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ."

ಅವರು ಬಾಗಿಲಲ್ಲೇ ನಿಂತು ನಕ್ಕರು. ತಾವೇ ಸರಿಯಾದ ಕ್ಯಾಸೆಟ್ ಹಿಡಿದು ಎರಡು ಗಂಟೆ ಡ್ರೈವ್ ಮಾಡಿ ಕೊಟ್ಟು, ನಮ್ಮದನ್ನು ವಾಪಸು ತಂದರು. ಸೋಮವಾರ ನನ್ನ ಕೈಗೆ ಕೊಡುವಾಗ, "ಪೂರ್ತಿ ನೋಡಿದೆ," ಎಂದರು. "ನಿನ್ನ ಮಗಳ ಮಂಡಿ ಬಾಗೋ ರೀತಿ ನೋಡು. ನಮ್ಮ ಹುಡುಗರು ಒಬ್ಬರೂ ಅಷ್ಟು ಕೆಳಗೆ ಕೂತು ನಿಲ್ಲಲ್ಲ. ಅವರಿಗೂ ತೋರಿಸ್ಲಾ?" ನಿಜವಾಗಿಯೂ ತೋರಿಸಿದರು. ಬೆಟ್ಟದಂಥ ಇಪ್ಪತ್ತು ಹುಡುಗರು ನೆಲದ ಮೇಲೆ ಕೂತು ಅಲರಿಪು ನೋಡಿದರು, ಯಾರೂ ಗಲಾಟೆ ಮಾಡಲಿಲ್ಲ. ವಿದ್ಯಾಗೆ ಹೇಳಿದರೆ "ಓ ಮೈ ಗಾಡ್, ಅಪ್ಪಾ, ನೋ!" ಎಂದು ಮುಖ ಮುಚ್ಚಿಕೊಂಡಳು. ಹ್ಯೂಸ್ಟನ್‌ಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಇದನ್ನು ಯಾಕೆ ಬರೆದೆನೆಂದರೆ, ಕೋಚ್ ಎದುರು ತಪ್ಪು ಒಪ್ಪಿಕೊಳ್ಳುವುದು ಕಷ್ಟವಾಗಿರಲಿಲ್ಲ. ಆ ಬಾಗಿಲಿಗೆ ಒಮ್ಮೆ ಹೋಗಿ ನಿಂತವನು ನಾನು. ಅವರು ಬೈಯುವುದಿಲ್ಲವೆಂದು ಗೊತ್ತಿದ್ದವನು.

ಹದಿನೈದನೇ ವರ್ಷ ಆಸ್ಟಿನ್ ಬದಿಯ ಒಂದು ಶಾಲೆ ಅವರನ್ನು ಕರೆಯಿತು. ಮತ್ತೆ ಮನೆ ಖಾಲಿ ಮಾಡಿದೆವು. "ಮೂರನೇ ಊರಾತ್ರೀ. ಇನ್ನ ಡಬ್ಬಿ ಬಿಚ್ಚಂಗಿಲ್ಲ ನಾನು, ಹಂಗ ಇಡ್ತೀನಿ," ಎಂದಳು ಲಲಿತಾ. ಅಷ್ಟರಲ್ಲಿ ಕ್ಯಾಸೆಟ್ ಹೋಗಿ ಡಿಸ್ಕ್ ಬಂದಿತ್ತು. ಅಲ್ಲಿಗೆ ಹೋದ ಕೆಲವು ವರ್ಷಗಳಲ್ಲಿ ಡಿಸ್ಕೂ ಹೋಯಿತು. ಮ್ಯಾಚ್ ಮುಗಿದ ಅರ್ಧ ಗಂಟೆಗೆ ಫಿಲ್ಮ್ ಕಂಪ್ಯೂಟರಿಗೆ ಬಂದು ಕೂರುತ್ತಿತ್ತು. ಎಲ್ಲರೂ ಸಂತೋಷಪಟ್ಟರು, ನಾನೂ. ಶನಿವಾರದ ಡ್ರೈವ್ ನಿಂತಿತು. ಆ ಹೊತ್ತನ್ನು ಮನೆಯಲ್ಲಿ ಕಳೆಯಬಹುದಿತ್ತು. ನಾನು ಅದನ್ನೂ ಫೀಲ್ಡ್ ಹೌಸಿನಲ್ಲಿ ಕಂಪ್ಯೂಟರ್ ಮುಂದೆ ಕಳೆದೆ.

ಕಂಪ್ಯೂಟರ್‌ನಲ್ಲಿ ಬರುವ ಫಿಲ್ಮ್‌ನ ಜೊತೆ ಮನುಷ್ಯ ಬರುವುದಿಲ್ಲ. ಗ್ಯಾಸ್ ಸ್ಟೇಷನ್‌ನ ಎರಡು ನಿಮಿಷದ ಮಾತು ಬರುವುದಿಲ್ಲ.

ಇಪ್ಪತ್ತೊಂದನೇ ವರ್ಷ ನಮ್ಮ ತಂಡ ನಾಕ್‌ಔಟ್ ಸುತ್ತಿಗೆ ಬಂತು. ಆಡಳಿತ ಮಂಡಳಿಗೆ ಆಗಲೇ ಕೋಚ್ ಮೇಲೆ ಅಸಮಾಧಾನವಿತ್ತು. ವಯಸ್ಸಾಯಿತು, ಹಳೇ ಕ್ರಮ ಎನ್ನುತ್ತಿದ್ದರು. ಈ ಮ್ಯಾಚ್ ಗೆದ್ದರೆ ಉಳಿಯುತ್ತಾರೆ, ಸೋತರೆ ಹೋಗುತ್ತಾರೆ ಎಂದು ಕ್ಯಾಂಟೀನಿನವರಿಗೂ ಗೊತ್ತಿತ್ತು. ಎದುರಾಳಿಗಳ ಮೂರು ಮ್ಯಾಚ್‌ಗಳ ಫಿಲ್ಮ್ ಬಂತು. ನಾನು ಮೂರು ದಿನ ಕೂತು ಹಾಳೆ ತಯಾರಿಸಿದೆ. ಒಂದೆರಡೇ ಗಜ ಬೇಕಾದಾಗ ಅವರು ಯಾವ ಕಡೆ ನುಗ್ಗುತ್ತಾರೆ ಎಂಬುದು ಅದರ ಮುಖ್ಯ ಸಾಲು. ಮೊದಲೆರಡು ಫಿಲ್ಮ್‌ನಲ್ಲಿ ಅಂಥ ಸಂದರ್ಭಗಳೇ ಕಡಿಮೆ. ಮೂರನೆಯದರಲ್ಲಿ ಬೇಕಾದಷ್ಟಿದ್ದವು. ಪ್ರತಿಸಲವೂ ತಮ್ಮದೇ ಬೆಂಚಿನ ಕಡೆ ನುಗ್ಗುತ್ತಿದ್ದರು. ಹಾಗೆಂದು ಬರೆದು ಅಡಿಗೆರೆ ಎಳೆದೆ.

ಮ್ಯಾಚ್ ಶನಿವಾರ ಮಧ್ಯಾಹ್ನ. ಕೊನೆಯ ನಿಮಿಷದಲ್ಲಿ ನಾವು ನಾಲ್ಕು ಅಂಕ ಮುಂದಿದ್ದೆವು. ಚೆಂಡು ಅವರದು, ಗೆರೆಗೆ ಎರಡು ಗಜ, ಕೊನೆಯ ಸರದಿ. ತಡೆದರೆ ನಮ್ಮದು.

ಹೆಡ್‌ಸೆಟ್‌ನಲ್ಲಿ ಕೋಚ್ ದನಿ ಬಂತು. "ಮೂರ್ತಿ, ಯಾವ ಕಡೆ?"

"ಅವರ ಬೆಂಚಿನ ಕಡೆ ಕೋಚ್."

"ಖಚಿತವಾ?"

"ಖಚಿತ."

ಅವರು ನಮ್ಮ ಗಟ್ಟಿ ಹುಡುಗರನ್ನೆಲ್ಲ ಆ ಬದಿಗೆ ಸರಿಸಿದರು. ಚೆಂಡು ಹಿಡಿದವನು ಈ ಬದಿಗೆ ಓಡಿದ. ನಮ್ಮ ಬೆಂಚಿನ ಮುಂದೆ, ಕೋಚ್ ನಿಂತಿದ್ದ ಕಾಲಬುಡದಲ್ಲೇ, ಯಾರೂ ಮುಟ್ಟದೆ ಗೆರೆ ದಾಟಿದ.

ಪತ್ರಿಕೆಯವರು ಕೇಳಿದಾಗ ಕೋಚ್ ಹೇಳಿದ್ದನ್ನು ನಾನು ಹಿಂದೆ ನಿಂತು ಕೇಳಿದೆ. "ತೀರ್ಮಾನ ನನ್ನದು. ನಾನು ಊಹೆ ಮಾಡಿದೆ, ತಪ್ಪಾಯ್ತು." ಊಹೆ ಎಂದರು. ಜೀವಮಾನವಿಡೀ ಆ ಪದವನ್ನು ಬೈಗುಳದಂತೆ ಬಳಸಿದವರು. ಒಂದು ವಾರದಲ್ಲಿ ಮಂಡಳಿ ಅವರನ್ನು ಕರೆದು ಮಾತಾಡಿತು, ಅವರು ರಾಜೀನಾಮೆ ಬರೆದುಕೊಟ್ಟರು.

ಮರುದಿನ ನಾನು ಫಿಲ್ಮ್ ರೂಮಿನಲ್ಲಿ ಆ ಋತುವಿನ ಕಡತಗಳನ್ನು ಜೋಡಿಸುತ್ತ ಮೂರನೇ ಫಿಲ್ಮ್ ಇನ್ನೊಮ್ಮೆ ಹಾಕಿದೆ. ಸ್ಕೋರ್‌ಬೋರ್ಡ್ ಇರಬೇಕಾದ ಕಡೆ ಇರಲಿಲ್ಲ. ಎದುರಿನ ಬೆಂಚಿನ ಮೇಲೆ ಸಂಜೆಯ ನೆರಳು ಬಿದ್ದಿತ್ತು. ನಿಲ್ಲಿಸಿ, ದೊಡ್ಡದು ಮಾಡಿ, ಅಂಗಿಯ ಬಣ್ಣ ನೋಡಿದೆ. ಅದು ಅವರದೇ ಬೆಂಚು. ಕ್ಯಾಮೆರಾ ಸಾಮಾನ್ಯವಾಗಿ ತಮ್ಮ ಬೆಂಚಿನ ಹಿಂದಿನ ಗ್ಯಾಲರಿಯಲ್ಲಿರುತ್ತದೆ, ಪರದೆಯಲ್ಲಿ ಈಚೆಯದು ಅವರ ಬೆಂಚು; ಯಾವ ಕಾರಣಕ್ಕೋ ಆ ವಾರ ಅದನ್ನು ಎದುರು ಗ್ಯಾಲರಿಯಲ್ಲಿ ಇಟ್ಟಿದ್ದರು. ಅವರ ಬೆಂಚಿನ ಕಡೆ ಎಂದು ನಾನು ಬರೆದದ್ದೆಲ್ಲ ಅವರ ವಿರುದ್ಧ ಆಡಿದ ತಂಡದ ಬೆಂಚಿನ ಕಡೆ. ಹಾಳೆ ಪೂರ್ತಿ ತಿರುಗುಮುರುಗು. ಮೊದಲ ದಿನ ಎರಡು ಸೆಕೆಂಡ್ ಗಮನಿಸಿದ್ದರೆ ಗೊತ್ತಾಗುತ್ತಿತ್ತು.

ಪಕ್ಕದ ಕೋಣೆಯಲ್ಲಿ ಕೋಚ್ ತಮ್ಮ ಸಾಮಾನು ಕಟ್ಟುತ್ತಿದ್ದರು. ಡಬ್ಬಿಗೆ ಅಂಟಿಸುವ ಟೇಪು ಹರಿಯುವ ಸದ್ದು ನಿಂತಿತು. ಬಾಗಿಲಿಗೆ ಬಂದು ಒರಗಿ ನಿಂತರು. ಪರದೆಯನ್ನು ನೋಡಿದರೋ ನನ್ನನ್ನು ನೋಡಿದರೋ ಹೇಳಲಾರೆ.

"ಏನಾದ್ರೂ ಕಾಣ್ತಾ ಕೋಚ್?"

"ಇಲ್ಲ ಕೋಚ್. ಏನೂ ಇಲ್ಲ."

"ಸರಿ," ಎಂದು ಹೋದರು. ಟೇಪಿನ ಸದ್ದು ಮತ್ತೆ ಶುರುವಾಯಿತು.

ಹೊಸ ಹೆಡ್ ಕೋಚ್ ತಮ್ಮ ಜನರನ್ನು ಕರೆತಂದರು. ಉಳಿದ ಏಳು ಜನ ಹೋದರು. ಗಣಿತದ ಮೇಷ್ಟ್ರು ಸಿಗುವುದಿಲ್ಲವೆಂದು ನನ್ನೊಬ್ಬನನ್ನು ಉಳಿಸಿಕೊಂಡರು. ತಪ್ಪು ಮಾಡಿದವನು ನಾನು, ಉಳಿದವನೂ ನಾನೇ. ಇನ್ನೂ ಆರು ವರ್ಷ ಅದೇ ಪ್ರೆಸ್ ಬಾಕ್ಸ್‌ನಲ್ಲಿ ಕೂತೆ. ಹೊಸಬರು ಒಳ್ಳೆಯವರೇ. ಆದರೆ ಹೆಡ್‌ಸೆಟ್‌ನಲ್ಲಿ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಟ್ಯಾಬ್ಲೆಟ್‌ನಲ್ಲಿ ಎಲ್ಲ ಬರುತ್ತಿತ್ತು. ಇಡೀ ಮ್ಯಾಚ್ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಕೂತು, ಇಳಿದು, ಒಬ್ಬನೇ ಕಾರಿನತ್ತ ನಡೆಯುತ್ತಿದ್ದೆ.

ಡೆಲ್ಬರ್ಟ್ ಹ್ಯೂಸ್ಟನ್‌ಗೆ ಹಿಂದಿರುಗಿದರು. ಮತ್ತೆಲ್ಲೂ ಕೋಚ್ ಆಗಲಿಲ್ಲ. ಎರಡು ಕಡೆ ಕರೆದರಂತೆ. "ಕೊನೇ ಗಳಿಗೇಲಿ ಊಹೆ ಮಾಡೋನಿಗೆ ಇನ್ನೊಬ್ಬರ ಮಕ್ಕಳನ್ನ ಕೊಡಬಾರದು," ಎಂದು ಒಮ್ಮೆ ಫೋನಿನಲ್ಲಿ ನಗುತ್ತ ಹೇಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ವರ್ಷಕ್ಕೆ ಎರಡು ಮೂರು ಸಲ ಅವರ ಮನೆಗೆ ಹೋಗುತ್ತಿದ್ದೆ. ಹೋಗುವಾಗ ಹೇಳಿಯೇ ಬರುತ್ತೇನೆಂದು ಹೋಗುತ್ತಿದ್ದೆ. ರುತ್ ಊಟಕ್ಕೆ ಕರೆಯುತ್ತಿದ್ದರು, ಅಳಿಲಿನ ವಿಷಯ ಬರುತ್ತಿತ್ತು, ಸಂಜೆಯಾಗುತ್ತಿತ್ತು.

"ಹೇಳಿದ್ರ್ಯಾ?" ಎಂದು ನಾನು ಬಂದ ಕೂಡಲೇ ಲಲಿತಾ ಕೇಳುತ್ತಿದ್ದಳು. ಅವಳೊಬ್ಬಳಿಗೆ ಎಲ್ಲ ಹೇಳಿದ್ದೆ.

"ಇಲ್ಲ. ಹೊತ್ತು ಸರಿ ಇರಲಿಲ್ಲ."

"ನಿಮಗ ಹೊತ್ತು ಎಂದೂ ಸರಿ ಇರಂಗಿಲ್ಲ ಬಿಡ್ರಿ. ಆ ಮನಷ್ಯಾ ತಮ್ಮದಲ್ಲದ ತಪ್ಪು ತಲಿ ಮ್ಯಾಲ ಇಟ್ಕೊಂಡು ಅಡ್ಡಾಡಾಕತ್ತಾರ. ನೀವು ಅವರಿಗೆ ಪೀಕನ್ ಆರಿಸಿ ಕೊಟ್ಟು ಬರ್ತೀರಿ."

ಒಮ್ಮೆ ಡಲ್ಲಾಸ್‌ನಲ್ಲಿ ಹೊಸ ಕೋಚ್‌ಗಳಿಗಾಗಿ ಒಂದು ಶಿಬಿರ ನಡೆಯಿತು. ಡೆಲ್ಬರ್ಟ್ ಅವರನ್ನು ಮಾತಾಡಲು ಕರೆದಿದ್ದರು. ನಾನೂ ಹೋಗಿ ಮೂರನೇ ಸಾಲಿನಲ್ಲಿ ಕೂತೆ. ಅವರು ಬರೆದುಕೊಂಡು ಬಂದಿದ್ದ ಚೀಟಿ ತೆಗೆದು, ಕನ್ನಡಕ ಹಾಕಿಕೊಂಡು, ಮೊದಲನೇ ಮಾತು ಓದಿದರು. "ಫಿಲ್ಮ್ ಶುರು ಮಾಡೋ ಮೊದಲು ಒಂದು ಕೇಳ್ಕೊಳ್ಳಿ. ಕ್ಯಾಮೆರಾ ಯಾವ ಕಡೆ ಇತ್ತು?"

ಅವರ ಮುಖವನ್ನೇ ನೋಡಿದೆ. ಅವರು ಗೋಡೆಯ ಗಡಿಯಾರ ನೋಡುತ್ತಿದ್ದರು. ಎರಡನೇ ಮಾತಿಗೆ ಹೋದರು. ಇದು ಈ ಕಸುಬಿನಲ್ಲಿ ಎಲ್ಲರೂ ಹೊಸಬರಿಗೆ ಹೇಳುವ ಪಾಠ. ನನಗೂ ಅವರು ಮೊದಲ ತಿಂಗಳಲ್ಲೇ ಹೇಳಿದ್ದರು. ಆದ್ದರಿಂದ ಅದಕ್ಕೆ ಬೇರೆ ಅರ್ಥ ಇರಬೇಕಾಗಿಲ್ಲ. ಇರಲೂಬಹುದು. ಊಟದ ಹೊತ್ತಿಗೆ ಅವರ ಪಕ್ಕದಲ್ಲೇ ಕೂತೆ. "ಚೆನ್ನಾಗಿ ಮಾತಾಡಿದ್ರಿ ಕೋಚ್," ಎಂದೆ. "ಬ್ರಿಸ್ಕೆಟ್ ಒಣಗಿದೆ," ಎಂದರು, ತಟ್ಟೆಯ ಮಾಂಸ ತೋರಿಸಿ.

ಕಳೆದ ಬೇಸಿಗೆಯಲ್ಲಿ ಲಲಿತಾ ಕಾಯಿಲೆ ಬಿದ್ದು ಎದ್ದಳು. ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತಿದ್ದಾಗ, ಇನ್ನು ಮುಂದೂಡುವುದು ಬೇಡವೆಂದು ಗಟ್ಟಿಮಾಡಿಕೊಂಡೆ. ಆ ಮೂರನೇ ಫಿಲ್ಮ್ ಅನ್ನೇ ಲ್ಯಾಪ್‌ಟಾಪ್‌ನಲ್ಲಿ ಹಾಕಿ ತೋರಿಸಿ, ಬೆಂಚಿನ ಮೇಲೆ ಬೆರಳಿಟ್ಟು ಹೇಳಬೇಕೆಂದಿದ್ದೆ. ಅದಕ್ಕೇ ಆ ಗುರುವಾರ ಫೋನಿನಲ್ಲಿ ಹಾಗೆ ಹೇಳಿದ್ದು.

ಬುಧವಾರ ಹ್ಯೂಸ್ಟನ್‌ನ ಒಂದು ಚರ್ಚಿನಲ್ಲಿ ಅವರ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆಯಿತು. ಮೂರೂ ಊರಿನ ಹಳೆಯ ಆಟಗಾರರು ಬಂದಿದ್ದರು. ಹೊಟ್ಟೆ ಬಂದ, ತಲೆ ನರೆತ ಗಂಡಸರು ಮಕ್ಕಳಂತೆ ಅಳುತ್ತಿದ್ದರು. ಅವರ ಕೈ ಕೆಳಗೆ ಆಡಿದವರು ಮುಂದಿನ ಸಾಲುಗಳಲ್ಲಿ, ನೆಂಟರು ನಡುವೆ. ನಾನು ಹಿಂದೆ ಕೂತೆ. ಪಕ್ಕದಲ್ಲಿದ್ದ ಹೆಂಗಸು ಮೆಲ್ಲಗೆ ಕೇಳಿದರು, "ನೀವು ಅವರ ಹಾರ್ಟ್ ಡಾಕ್ಟರಾ?"

"ಅಲ್ಲ. ಅವರ ಜೊತೆ ಕೆಲಸ ಮಾಡ್ತಿದ್ದೆ."

"ಓ, ಶಾಲೇಲಿ?"

"ಹೌದು. ಗಣಿತ."

ಹದಿನೈದು ದಿನ ಬಿಟ್ಟು ರುತ್ ಅವರನ್ನು ನೋಡಲು ಹೋದೆವು. ಲಲಿತಾ ಮಜ್ಜಿಗೆ ಹುಳಿ, ಅನ್ನ ಮಾಡಿ ತಂದಿದ್ದಳು. ರುತ್‌ಗೆ ಅದು ಇಷ್ಟ. ಊಟವಾದ ಮೇಲೆ ನಾನು ರುತ್‌ಗೆ ಎಲ್ಲವನ್ನೂ ಹೇಳಿದೆ. ಫಿಲ್ಮ್, ಹಾಳೆ, ಬಾಗಿಲಲ್ಲಿ ಅವರು ಕೇಳಿದ್ದು, ನಾನು ಹೇಳಿದ ಸುಳ್ಳು. ಅವರು ತಟ್ಟೆ ಒರೆಸುತ್ತ ಕೇಳಿಸಿಕೊಂಡರು.

"ಆ ಮ್ಯಾಚ್ ಬಗ್ಗೆ ಕೋಚ್ ನಿಮ್ಮ ಹತ್ರ ಏನಾದ್ರೂ ಅಂದಿದ್ರಾ? ನನ್ನ ಬಗ್ಗೆ?"

"ಇಲ್ಲ ಮೂರ್ತಿ. ಆಟದ ಮಾತು ಮನೆಯೊಳಗೆ ಬರಬಾರದು ಅಂತ ಮದುವೆಗೆ ಮುಂಚೇನೇ ಮಾತಾಗಿತ್ತು. ಐವತ್ತು ವರ್ಷದಲ್ಲಿ ಅವನು ಒಂದು ಸಲಾನೂ ತಪ್ಪಲಿಲ್ಲ." ತಟ್ಟೆ ಇಟ್ಟು ನನ್ನ ಭುಜ ತಟ್ಟಿದರು. "ಆ ಗುರುವಾರ ಫೋನ್ ಇಟ್ಟ ಮೇಲೆ, ಮುಂದಿನ ವಾರ ಮೂರ್ತಿ ಬರ್ತಾನೆ ಅಂದ. ಅಷ್ಟೇ ಅಂದದ್ದು."

ವಾಪಸು ಬರುವಾಗ ಲಲಿತಾ ಡ್ರೈವ್ ಮಾಡಿದಳು. ತುಂಬ ದೂರ ಬಂದ ಮೇಲೆ, "ಅಂತೂ ಹೇಳಿದ್ರಲ್ಲ," ಎಂದಳು. ಬೈಯಲು ಹೇಳಿದ್ದಲ್ಲ.

ಶಾಹಿನ್, ನಿನ್ನ ಕೆಲಸದಲ್ಲಿ ಲೆಕ್ಕ ತಪ್ಪುತ್ತದೆ. ಎಲ್ಲರದೂ ತಪ್ಪುತ್ತದೆ, ಅದಕ್ಕೆ ಹೆದರಬೇಡ. ತಪ್ಪು ಕಂಡ ದಿನವೇ ಎದ್ದು ಪಕ್ಕದ ಕೋಣೆಗೆ ಹೋಗು. ಅಲ್ಲಿರುವವರು ಬೈಯಬಹುದು, ನಗಬಹುದು, ನಿನ್ನನ್ನು ಕೆಲಸದಿಂದ ತೆಗೆಯಲೂಬಹುದು. ಆದರೆ ಅವರು ಏನೆಂದರು ಎಂಬುದು ನಿನಗೆ ತಿಳಿದಿರುತ್ತದೆ.

ನನಗೆ ಅದು ತಿಳಿದಿ‌ಲ್ಲ. ಕೋಚ್ ನನ್ನ ತಪ್ಪನ್ನು ತಿಳಿದೇ ಸುಮ್ಮನಿದ್ದರೋ, ತಮ್ಮದೇ ತಪ್ಪೆಂದು ನಂಬಿಕೊಂಡು ಹೋದರೋ, ಹೇಳಬಲ್ಲವರು ಅವರೊಬ್ಬರೇ ಇದ್ದರು.